ಮೊದಲು ರೊಟ್ಟಿ, ಆಮೇಲೆ ದಾರಿ

ನಿಮ್ಮ ಬೈಬಲ್ ತೆಗೆಯಿರಿ. ಮೊದಲನೆಯ ಅರಸುಗಳ ಪುಸ್ತಕ, 19ನೇ ಅಧ್ಯಾಯ, 1ರಿಂದ 18ನೇ ವಚನದವರೆಗೆ. ಅವಸರ ಬೇಡ, ಪೂರ್ತಿ ಓದಿಕೊಳ್ಳಿ.

ಓದಿದಿರಾ? ಈಗ ಒಂದು ಪ್ರಶ್ನೆ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಪ್ರಾರ್ಥನೆಗೆ ಬರುವ ಯೌವನಸ್ಥರು ನನ್ನ ಹತ್ತಿರ ಹೆಚ್ಚಾಗಿ ಎರಡೇ ವಿಷಯ ಹೇಳ್ತಾರೆ. ಒಂದು, "ಬ್ರದರ್, ನನಗೆ ತುಂಬಾ ಸುಸ್ತಾಗಿದೆ." ಇನ್ನೊಂದು, "ಬ್ರದರ್, ದೇವರ ಚಿತ್ತ ಏನು ಅಂತ ಗೊತ್ತಾಗ್ತಿಲ್ಲ." ಈ ಕೆಲಸ ಬಿಡಬೇಕಾ, ಆ ಕೆಲಸ ಹಿಡೀಬೇಕಾ? ಮನೆಯವರು ನೋಡಿರೋ ಹುಡುಗನಿಗೆ ಒಪ್ಪಿಗೆ ಕೊಡಬೇಕಾ? ಕೆನಡಾಕ್ಕೆ ಹೋಗಬೇಕಾ, ಇಲ್ಲೇ ಸೇವೆಯಲ್ಲಿ ಇರಬೇಕಾ? ಬಹಳ ದಿನ ನಾನು ಇವೆರಡನ್ನೂ ಬೇರೆ ಬೇರೆ ವಿಷಯ ಅಂದುಕೊಂಡಿದ್ದೆ. ಸುಸ್ತಾದವರಿಗೆ ಬಲಕ್ಕಾಗಿ ಒಂದು ಪ್ರಾರ್ಥನೆ, ದಾರಿ ಕೇಳಿದವರಿಗೆ ಪ್ರಕಟಣೆಗಾಗಿ ಇನ್ನೊಂದು ಪ್ರಾರ್ಥನೆ. ಆದರೆ ಇವೆರಡೂ ಒಂದೇ ಸಮಸ್ಯೆಯ ಎರಡು ಮುಖ ಅಂತ ಈಗ ನನಗೆ ಅನಿಸುತ್ತೆ.

ನಮ್ಮ ಮನಸ್ಸಿನಲ್ಲಿ ಒಂದು ಲೆಕ್ಕ ಇದೆ. ಮೊದಲು ದೇವರ ಚಿತ್ತ ಗೊತ್ತಾಗಬೇಕು, ಅದರಂತೆ ಎಲ್ಲಾ ಸೆಟ್ ಆಗಬೇಕು, ಆಮೇಲೆ ನೆಮ್ಮದಿ. ಅಂದರೆ ವಿಶ್ರಾಂತಿ ಅನ್ನೋದು ಕೊನೆಯಲ್ಲಿ ಸಿಗೋ ಬಹುಮಾನ. ಈ ಲೆಕ್ಕ ಸರಿಯಾ? ಅಥವಾ ದೇವರ ವಾಕ್ಯದಲ್ಲಿ ಇದರ ಕ್ರಮವೇ ಬೇರೆ ಇದೆಯಾ? ಇವತ್ತಿನ ಸಂದೇಶ ಇಷ್ಟೇ.

ಎಲೀಯನನ್ನು ನೋಡಿ. ಹಿಂದಿನ ಅಧ್ಯಾಯದಲ್ಲಿ ಆತ ಕರ್ಮೆಲ್ ಬೆಟ್ಟದ ಮೇಲೆ ಬಾಳನ 450 ಪ್ರವಾದಿಗಳ ಎದುರು ಒಬ್ಬನೇ ನಿಂತಿದ್ದ. ಆಕಾಶದಿಂದ ಬೆಂಕಿ ಇಳಿಯಿತು. ಬರಗಾಲದ ದೇಶಕ್ಕೆ ಮಳೆ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದಕ್ಕಿಂತ ದೊಡ್ಡ ಕನ್ವೆನ್ಷನ್ ಇಲ್ಲ. ಹಲ್ಲೆಲೂಯಾ! ಆದರೆ ಮುಂದಿನ ಅಧ್ಯಾಯದಲ್ಲಿ ಈಜೆಬೆಲಳ ಒಂದು ಮೆಸೇಜ್ ಬಂದದ್ದೇ ತಡ, ಇದೇ ಮನುಷ್ಯ ಪ್ರಾಣ ಉಳಿಸಿಕೊಳ್ಳೋಕೆ ಓಡುತ್ತಾನೆ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಅರಣ್ಯದಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತಾನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಇದನ್ನು ಕೇಳುತ್ತಿರುವ ಯಾರಿಗಾದರೂ ಈ ಪ್ರಾರ್ಥನೆ ಹೊಸದಲ್ಲ ಅಂತ ನನಗೆ ಗೊತ್ತು. ಸಾಯಬೇಕು ಅನ್ನೋ ಯೋಚನೆ ನಿಮಗೆ ಬರ್ತಿದ್ದರೆ, ನೀವು ಕೆಟ್ಟ ವಿಶ್ವಾಸಿ ಅಲ್ಲ. ಬೆಂಕಿ ಇಳಿಸಿದ ಪ್ರವಾದಿಗೂ ಬಂದಿತ್ತು. ಆದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಇವತ್ತೇ ನಂಬಿಕೆಯ ಒಬ್ಬರಿಗೆ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ಡಾಕ್ಟರ್ ಹತ್ತಿರ ಹೋಗೋದು ಅವಿಶ್ವಾಸ ಅಲ್ಲ. ಯಾಕೆ ಅಂತ ಈ ಅಧ್ಯಾಯವೇ ಹೇಳುತ್ತೆ.

ದೇವರು ಎಲೀಯನಿಗೆ ಏನು ಮಾಡಿದ? ನಾನಾಗಿದ್ದರೆ ಒಂದು ಪ್ರಸಂಗ ಮಾಡ್ತಿದ್ದೆ. "ಎದ್ದೇಳು ಎಲೀಯ! ನಿನ್ನೆ ಬೆಂಕಿ ಇಳಿಸಿದ ದೇವರು ಇವತ್ತು ಸತ್ತಿದ್ದಾನಾ? ಎಲ್ಲಿ ನಿನ್ನ ನಂಬಿಕೆ?" ಮೂರು ದಿನ ಉಪವಾಸ ಹಾಕು ಅಂತಲೂ ಹೇಳ್ತಿದ್ದೆ. ದೇವರು ಹಾಗೆ ಮಾಡಲಿಲ್ಲ. ಎಲೀಯ ಮಲಗಿದ, ದೇವರು ಮಲಗೋಕೆ ಬಿಟ್ಟ. ಆಮೇಲೆ ದೂತ ಬಂದು ಮುಟ್ಟಿ ಎಬ್ಬಿಸಿದ. ಗದರಿಸೋಕೆ ಅಲ್ಲ, ಊಟಕ್ಕೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಎರಡನೇ ಸಲವೂ ದೂತ ಬಂದ, ಎರಡನೇ ಸಲವೂ ಊಟವೇ. ಮುಂದಿನ ಪ್ರಯಾಣ ನಿನ್ನ ಶಕ್ತಿ ಮೀರಿದ್ದು, ಅದಕ್ಕೇ ತಿನ್ನು ಅಂತ ಅರ್ಥ ಬರೋ ಮಾತು ಹೇಳಿದ.

ಆ ಗಿಡದ ಕೆಳಗೆ ಮುಂದಿನ ಸೇವೆಯ ಬಗ್ಗೆ ಒಂದೇ ಒಂದು ಆದೇಶ ಇಲ್ಲ. ಯಾರನ್ನು ಅಭಿಷೇಕಿಸಬೇಕು, ಯಾವ ಊರಿಗೆ ಹೋಗಬೇಕು, ಯಾವುದೂ ಇಲ್ಲ. ಆ ದಾರಿಯೆಲ್ಲಾ ಸಿಕ್ಕಿದ್ದು 15ನೇ ವಚನದಲ್ಲಿ, ಹೋರೇಬಿನಲ್ಲಿ, 40 ದಿನ ಆದ ಮೇಲೆ. ಮೊದಲು ನಿದ್ದೆ, ಮೊದಲು ರೊಟ್ಟಿ. ದಾರಿ ಆಮೇಲೆ.

ಪಕ್ಕದಲ್ಲಿ ಕೂತಿರೋರ ಕಡೆ ತಿರುಗಿ ಹೇಳಿ: ಮಲಗೋದು ಪಾಪ ಅಲ್ಲ. ಆಮೆನ್? ಕೆಲವರು ಬಹಳ ಜೋರಾಗಿ ಆಮೆನ್ ಅಂದ್ರಿ, ಪರವಾಗಿಲ್ಲ.

ಇನ್ನೊಂದು ವಿಷಯ ಗಮನಿಸಿ. ಹೋರೇಬಿನ ಗವಿಯಲ್ಲಿ ಎಲೀಯ ಎರಡು ಸಲ ಒಂದೇ ದೂರು ಹೇಳ್ತಾನೆ. ನಾನೊಬ್ಬನೇ ಉಳಿದಿದ್ದೀನಿ ಅಂತ. ದೇವರು ಕೊನೆಯಲ್ಲಿ ಆ ಲೆಕ್ಕ ತಿದ್ದುತ್ತಾನೆ. ಬಾಳನಿಗೆ ಅಡ್ಡಬೀಳದ 7,000 ಜನ ಇಸ್ರಾಯೇಲಿನಲ್ಲಿ ಇದ್ದಾರೆ. ಎಲೀಯ ಸುಳ್ಳು ಹೇಳ್ತಿರಲಿಲ್ಲ, ಅವನಿಗೆ ನಿಜವಾಗಿ ಹಾಗೇ ಕಾಣ್ತಿತ್ತು. 7,000 ಇರೋ ಕಡೆ ಅವನಿಗೆ ಒಂದೇ ಕಾಣಿಸಿತು. ದಣಿದವನ ಲೆಕ್ಕ ಹೀಗೇ ತಪ್ಪುತ್ತೆ. ನಾನಿಲ್ಲದಿದ್ದರೆ ಯಾರೂ ಇಲ್ಲ, ನಾನು ಬಿಟ್ಟರೆ ಎಲ್ಲಾ ಮುಗೀತು ಅಂತ ಅನಿಸೋಕೆ ಶುರುವಾಗುತ್ತೆ.

ಈಗ ನನ್ನ ಬಗ್ಗೆ ಒಂದು ವಿಷಯ ಹೇಳಬೇಕು. ಹೇಳೋಕೆ ಸುಲಭ ಇಲ್ಲ. ಸಂಬಂಧಪಟ್ಟ ಸಹೋದರಿಯ ಅನುಮತಿ ಕೇಳಿಯೇ ಹೇಳ್ತಿದ್ದೀನಿ.

ಕೆಲವು ವರ್ಷಗಳ ಹಿಂದೆ ಒಂದು ವಾರ. ಸೋಮವಾರದಿಂದ ಶುಕ್ರವಾರ ಆಫೀಸು. ಶುಕ್ರವಾರ ರಾತ್ರಿ ಪೂರ್ತಿ ಪ್ರಾರ್ಥನೆ. ಶನಿವಾರ ಯೌವನಸ್ಥರ ಕೂಟ. ಭಾನುವಾರ ಎರಡು ಆರಾಧನೆ. ಆ ವಾರ ನಾನು ಸರಿಯಾಗಿ ಮಲಗಿದ್ದು ಎಷ್ಟು ಗಂಟೆ ಅಂತ ಬೆರಳಲ್ಲಿ ಎಣಿಸಬಹುದಿತ್ತು. ಅದನ್ನು ನಾನು ದೇವರಿಗಾಗಿ ಇರೋ ಉರಿ ಅಂತ ಅಂದುಕೊಂಡಿದ್ದೆ. ಎರಡನೇ ಆರಾಧನೆ ಮುಗಿದ ಮೇಲೆ ಆ ಸಹೋದರಿ ಬಂದರು. ನಮ್ಮ ಸಂಡೇ ಸ್ಕೂಲ್ ನೋಡಿಕೊಳ್ತಿದ್ದವರು. ಹೈದರಾಬಾದಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು, ಮನೆಯಲ್ಲಿ ಸಾಲವೂ ಇತ್ತು. "ಅಣ್ಣಾ, ನಾಳೆ ಉತ್ತರ ಕೊಡಬೇಕು. ಪ್ರಾರ್ಥನೆ ಮಾಡಿ ಹೇಳಿ" ಅಂದರು.

ನಾನು ಕಣ್ಣು ಮುಚ್ಚಿದೆ. ಒಂದು ನಿಮಿಷ ಆಗಿರಬೇಕು. ಕಣ್ಣು ತೆರೆದು, "ಸಿಸ್ಟರ್, ಕರ್ತನು ಬೇಡ ಅಂತಿದ್ದಾನೆ" ಅಂದೆ. ಅವರು ಒಂದು ಮಾತೂ ಆಡದೆ ಒಪ್ಪಿಕೊಂಡರು. ಆ ಕೆಲಸಕ್ಕೆ ಆಗಲ್ಲ ಅಂತ ಹೇಳಿಬಿಟ್ಟರು.

ಏಳೆಂಟು ತಿಂಗಳಾದ ಮೇಲೆ ಒಂದು ದಿನ ಬಂದು ಬಹಳ ಮೆಲ್ಲಗೆ ಕೇಳಿದರು: "ಅಣ್ಣಾ, ಅವತ್ತು ದೇವರು ನಿಜವಾಗಿ ಮಾತಾಡಿದ್ರಾ?"

ಅಪವಾದ ಹೊರಿಸೋಕೆ ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದ ಆ ಒಂದು ನಿಮಿಷದಲ್ಲಿ ನನ್ನ ಮನಸ್ಸಿನಲ್ಲಿ ಓಡಿದ್ದು ಏನು ಅಂತ ನನಗೆ ಚೆನ್ನಾಗಿ ನೆನಪಿತ್ತು. ಇವರು ಹೋದರೆ ಸಂಡೇ ಸ್ಕೂಲ್ ಯಾರು ನೋಡ್ತಾರೆ? 40 ಮಕ್ಕಳನ್ನು ಇಟ್ಟುಕೊಂಡು ನಾನೊಬ್ಬನೇ ಏನು ಮಾಡಲಿ? ಅಷ್ಟೇ. ಅದು ನನ್ನ ಭಯದ ಸ್ವರ. ನನ್ನ ದಣಿವಿನ ಸ್ವರ. ಅದಕ್ಕೆ ನಾನು ಕರ್ತನ ಹೆಸರು ಹಚ್ಚಿದ್ದೆ.

ಮರುದಿನ ಅವರಲ್ಲಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು. ಆದರೆ "ಪರವಾಗಿಲ್ಲ ಅಣ್ಣಾ" ಅಂತ ಹೇಳಲಿಲ್ಲ. "ಗೊತ್ತಿಲ್ಲ ಅಂತ ಹೇಳಿದ್ರೆ ಸಾಕಿತ್ತು ಅಣ್ಣಾ" ಅಂದರು. ಆ ಮಾತು ನನ್ನ ಒಳಗೆ ಇವತ್ತಿಗೂ ಇದೆ. ಕ್ಷಮೆ ಸಿಕ್ಕಿತು, ಕೆಲಸ ವಾಪಸ್ ಬರಲಿಲ್ಲ. ಮನೆಯ ಸಾಲ ತೀರಿಸೋಕೆ ಅವರಿಗೆ ಇನ್ನೂ ಎರಡು ವರ್ಷ ಹಿಡಿಯಿತು.

ಪ್ರಿಯರೇ, ಅದಕ್ಕೇ ಈ ವಿಷಯ ನನಗೆ ಥಿಯರಿ ಅಲ್ಲ. ನಾನು ದಣಿದರೆ ನನಗೆ ತಾನೇ ನಷ್ಟ ಅಂತ ನಾವು ಅಂದುಕೊಳ್ತೀವಿ. ಅಲ್ಲ. ವಿಶ್ರಾಂತಿ ಇಲ್ಲದವನು ತನ್ನ ಗದ್ದಲವನ್ನೇ ದೇವರ ಸ್ವರ ಅಂದುಕೊಳ್ತಾನೆ. ಅದನ್ನು ಇನ್ನೊಬ್ಬರ ತಲೆಯ ಮೇಲೆ ಇಡ್ತಾನೆ. ಪಾಸ್ಟರ್ ಮಾತ್ರ ಅಲ್ಲ. ತಂದೆ ತಾಯಿ ಇಡಬಹುದು, ಗಂಡ ಇಡಬಹುದು, ಸೆಲ್ ಗ್ರೂಪ್ ಲೀಡರ್ ಇಡಬಹುದು. ಹಾಗಾಗಿ ವಿಶ್ರಾಂತಿ ನಮ್ಮ ಸುಖದ ಪ್ರಶ್ನೆ ಮಾತ್ರ ಅಲ್ಲ, ಅದು ಪಕ್ಕದವರಿಗೆ ನಾವು ಮಾಡೋ ನ್ಯಾಯದ ಪ್ರಶ್ನೆ.

ಇದರಿಂದ ನಾನು ಪ್ರವಾದನೆಯನ್ನೇ ಬಿಟ್ಟುಬಿಟ್ಟೆ ಅಂತ ತಿಳಿಯಬೇಡಿ. ಪವಿತ್ರಾತ್ಮನು ಇವತ್ತೂ ಮಾತಾಡುತ್ತಾನೆ ಅಂತ ನಾನು ನಂಬ್ತೀನಿ, ಆ ನಂಬಿಕೆಯಲ್ಲೇ ಇಲ್ಲಿ ನಿಂತಿದ್ದೀನಿ. ಆದರೆ ಪೌಲನು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಎರಡನ್ನೂ ಒಟ್ಟಿಗೆ ಹೇಳ್ತಾನೆ. ಆತ್ಮನನ್ನು ನಂದಿಸಬಾರದು, ಪ್ರವಾದನೆಯನ್ನು ತಾತ್ಸಾರ ಮಾಡಬಾರದು, ಆದರೆ ಎಲ್ಲವನ್ನೂ ಪರೀಕ್ಷಿಸಬೇಕು. ನಾವು ಮೊದಲನೆಯದಕ್ಕೆ ಜೋರಾಗಿ ಆಮೆನ್ ಹೇಳ್ತೀವಿ. ಎರಡನೆಯದಕ್ಕೆ ಧ್ವನಿ ಸಣ್ಣದಾಗುತ್ತೆ.

ಈಗ ಕೀರ್ತನೆ 23ಕ್ಕೆ ಬನ್ನಿ. ಎಲ್ಲರಿಗೂ ಬಾಯಿಪಾಠ ಇದೆ. ಬಾಯಿಪಾಠ ಇರೋದರಿಂದಲೇ ಅದರ ಕ್ರಮವನ್ನು ನಾವು ಗಮನಿಸೋದಿಲ್ಲ. ಎರಡನೇ ವಚನದಲ್ಲಿ ಕುರುಬನು ಕುರಿಯನ್ನು ಹಸುರು ಹುಲ್ಲಿನಲ್ಲಿ ಮಲಗಿಸ್ತಾನೆ, ನೀರಿನ ಹತ್ತಿರ ಕರೆದುಕೊಂಡು ಹೋಗ್ತಾನೆ. ನೀತಿಯ ದಾರಿಯಲ್ಲಿ ನಡೆಸೋದು ಮೂರನೇ ವಚನದಲ್ಲಿ. ಇಲ್ಲೂ ಅದೇ ಕ್ರಮ.

ನಾನು ಹುಟ್ಟಿ ಬೆಳೆದದ್ದು ಗದಗ ಕಡೆಯ ಹಳ್ಳಿಯಲ್ಲಿ. ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ಬರೋರು. ರೈತರು ಹೋಗಿ, "ಇವತ್ತು ರಾತ್ರಿ ನಮ್ಮ ಹೊಲದಾಗ ಕುರಿ ನಿಲ್ಲಸ್ರಿ" ಅಂತ ಕೇಳೋರು. ಅದಕ್ಕೆ ಕಾಳು ಕೊಡೋರು, ಇಲ್ಲ ದುಡ್ಡು ಕೊಡೋರು. ಚಿಕ್ಕವನಿದ್ದಾಗ ನನಗೆ ಇದು ಅರ್ಥ ಆಗ್ತಿರಲಿಲ್ಲ. ಕುರಿ ಮಲಗೋದಕ್ಕೆ ಯಾಕೆ ದುಡ್ಡು ಕೊಡಬೇಕು? ಆಮೇಲೆ ಗೊತ್ತಾಯಿತು. ಕುರಿ ಒಂದು ರಾತ್ರಿ ಮಲಗಿದ ಹೊಲಕ್ಕೆ ಅದರ ಹಿಕ್ಕೆ, ಗಂಜಲ ಎಲ್ಲಾ ಬಿದ್ದು ಒಳ್ಳೆ ಗೊಬ್ಬರ ಆಗುತ್ತೆ. ಮುಂದಿನ ಬೆಳೆ ಅಲ್ಲಿಂದ ಬರುತ್ತೆ. ಹಿಂಡು ಸುಮ್ಮನೆ ಮಲಗಿದ್ದಾಗಲೂ ಹೊಲದಲ್ಲಿ ಕೆಲಸ ನಡೀತಾ ಇರುತ್ತೆ.

ಇನ್ನೂ ಒಂದಿದೆ. ಕುರಿ ಹಗಲೆಲ್ಲಾ ಗಬಗಬ ಮೇಯುತ್ತೆ, ಆದರೆ ಅದು ಮೆಲುಕು ಹಾಕೋದು ಹೆಚ್ಚಾಗಿ ಮಲಗಿದಾಗ. ಮೇದದ್ದು ಮೈಗೆ ಹತ್ತೋದು ಹಾಗೆ. ನಾವು ಕನ್ನಡದಲ್ಲಿ ಯೋಚನೆ ಮಾಡೋದಕ್ಕೂ ಮೆಲುಕು ಹಾಕೋದು ಅಂತಲೇ ಹೇಳ್ತೀವಿ, ಅಲ್ವಾ? ನಮಗೆ ವಾಕ್ಯಕ್ಕೆ ಕೊರತೆ ಇಲ್ಲ. ಮೆಟ್ರೋದಲ್ಲಿ ಒಂದು ಪ್ರಸಂಗ, ಊಟದ ಹೊತ್ತಿಗೆ ಇನ್ನೊಂದು, ಮಲಗೋ ಮುಂಚೆ ನಾಲ್ಕು ರೀಲ್ಸ್. ಮೇಯ್ತಾನೇ ಇದ್ದೀವಿ. ಮೆಲುಕು ಹಾಕೋಕೆ ಮಲಗ್ತಾ ಇಲ್ಲ. ಆಮೇಲೆ ದೇವರು ನನ್ನ ಹತ್ತಿರ ಮಾತಾಡ್ತಿಲ್ಲ ಅಂತ ದೂರು. ಆತ ಹೋದ ತಿಂಗಳು ಹೇಳಿದ್ದೇ ಇನ್ನೂ ಹೊಟ್ಟೆಯಲ್ಲಿ ಹಾಗೇ ಕೂತಿದೆ.

ಈಗ ನಿಮ್ಮಲ್ಲಿ ಒಬ್ಬರು ಕೇಳಬಹುದು. ಹಾಗಾದರೆ ಮನಸ್ಸಿಗೆ ಸಮಾಧಾನ ಇದ್ದರೆ ಅದು ದೇವರ ಚಿತ್ತ ಅಂತ ಅರ್ಥಾನಾ? ನಮ್ಮ ಯೌವನಸ್ಥರ ಮೆಚ್ಚಿನ ಮಾತು ಇದು. "ಬ್ರದರ್, ಈ ವಿಷಯದಲ್ಲಿ ನನಗೆ ಪೀಸ್ ಇದೆ." ಇಲ್ಲಿ ಬಹಳ ಎಚ್ಚರಿಕೆ ಬೇಕು.

ಬೈಬಲಿನಲ್ಲಿ ಬಿರುಗಾಳಿಯ ಮಧ್ಯೆ ಇಬ್ಬರು ನಿದ್ದೆ ಮಾಡ್ತಾರೆ. ಒಬ್ಬನು ಯೋನ. ನಿನೆವೆಗೆ ಹೋಗು ಅಂದರೆ ತಾರ್ಷೀಷಿನ ಹಡಗು ಹತ್ತಿ, ಕೆಳಗೆ ಹೋಗಿ ಗಾಢ ನಿದ್ದೆ. ಇನ್ನೊಬ್ಬನು ನಮ್ಮ ಕರ್ತನು. ಮಾರ್ಕ 4ನೇ ಅಧ್ಯಾಯದಲ್ಲಿ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದ. ಹೊರಗಿಂದ ನೋಡಿದರೆ ಎರಡೂ ಒಂದೇ. ಇಬ್ಬರಿಗೂ ಪೀಸ್ ಇದೆ! ಒಬ್ಬನು ತಂದೆಯಿಂದ ಓಡಿಹೋಗಿ ಮಲಗಿದ್ದಾನೆ, ಇನ್ನೊಬ್ಬನು ತಂದೆಯ ಕೈಯಲ್ಲಿ ಮಲಗಿದ್ದಾನೆ. ಅದೇ ಕರ್ತನು ಗೆತ್ಸೇಮನೆ ತೋಟದಲ್ಲಿ ನಿದ್ದೆ ಮಾಡಲಿಲ್ಲ. ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳ್ತಿತ್ತು ಅಂತ ಲೂಕನು ಬರೆದಿದ್ದಾನೆ. ಆತನು ತಂದೆಯ ಚಿತ್ತದ ನಟ್ಟನಡುವೆ ಇದ್ದ, ಆದರೂ ಹೃದಯ ಸಂಕಟದಿಂದ ತುಂಬಿತ್ತು.

ಆದ್ದರಿಂದ ಸಮಾಧಾನದ ಭಾವನೆ ದೇವರ ಚಿತ್ತಕ್ಕೆ ಸರ್ಟಿಫಿಕೇಟ್ ಅಲ್ಲ. ತಪ್ಪು ದಾರಿಯಲ್ಲೂ ನಿದ್ದೆ ಬರಬಹುದು, ಸರಿ ದಾರಿಯಲ್ಲೂ ಕಣ್ಣೀರು ಬರಬಹುದು. ನಾನು ಹೇಳ್ತಿರೋ ವಿಶ್ರಾಂತಿ ಭಾವನೆ ಅಲ್ಲ. ನಾನು ಯಾರ ಕೈಯಲ್ಲಿದ್ದೀನಿ ಅನ್ನೋದು ತೀರ್ಮಾನ ಆಗಿರೋ ಸ್ಥಿತಿ ಅದು. ಗೆತ್ಸೇಮನೆಯಲ್ಲೂ ಯೇಸುವಿಗೆ ಅದು ಇತ್ತು, ಅದಕ್ಕೇ ಆತನು ತಂದೆಯೇ ಅಂತ ಕರೆದ. ಕನ್ನಡದಲ್ಲಿ ಬಿಡುವು ಅನ್ನೋ ಪದ ನೋಡಿ. ಅದರೊಳಗೇ ಬಿಡು ಅನ್ನೋ ಮಾತು ಇದೆ. ಬಿಡದೇ ಬಿಡುವು ಇಲ್ಲ. ರಜೆ ಹಾಕಿ ಗೋಕರ್ಣಕ್ಕೆ ಹೋದರೂ ಹಿಡಿದುಕೊಂಡದ್ದನ್ನು ಬಿಡದಿದ್ದರೆ, ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ಚಿಂತೆಯೂ ಬಸ್ ಹತ್ತಿರುತ್ತೆ.

ಏನನ್ನು ಬಿಡಬೇಕು? ಅರಣ್ಯಕಾಂಡ 9ನೇ ಅಧ್ಯಾಯ ಓದಿ. ಇಸ್ರಾಯೇಲ್ಯರಿಗೆ ದಾರಿ ತೋರಿಸೋಕೆ ಗುಡಾರದ ಮೇಲೆ ಮೇಘ ಇತ್ತು. ಮೇಘ ಎದ್ದರೆ ಹೊರಡಬೇಕು, ಮೇಘ ನಿಂತರೆ ನಿಲ್ಲಬೇಕು. ಎಷ್ಟು ದಿನ ನಿಲ್ಲುತ್ತೆ? ಹೇಳೋಕೆ ಆಗಲ್ಲ. ಒಮ್ಮೆ ಒಂದು ರಾತ್ರಿ, ಒಮ್ಮೆ ಎರಡು ದಿನ, ಒಮ್ಮೆ ಒಂದು ತಿಂಗಳು, ಒಮ್ಮೆ ಅದಕ್ಕಿಂತ ಹೆಚ್ಚು. ನಾವು ಮಾರ್ಗದರ್ಶನ ಅಂದ ಕೂಡಲೇ ಮುಂದೆ ಹೋಗೋದು ಅಂದುಕೊಳ್ತೀವಿ. ಆದರೆ ನಿಲ್ಲು ಅನ್ನೋದೂ ದೇವರ ಮಾರ್ಗದರ್ಶನವೇ. ಮೇಘ ನಿಂತಿದ್ದ ದಿನಗಳಲ್ಲಿ ಅವರು ದಾರಿ ತಪ್ಪಿರಲಿಲ್ಲ, ಡೇರೆ ಹಾಕಿ ಮನ್ನ ಕೂಡಿಸಿಕೊಂಡು ಮಕ್ಕಳನ್ನು ಸಾಕುತ್ತಾ ಇದ್ದರು. ನಿಮ್ಮ ಜೀವನದಲ್ಲಿ ಮೇಘ ಒಂದು ವರ್ಷದಿಂದ ಅಲುಗಾಡಿಲ್ಲ ಅಂದರೆ ದೇವರು ನಿಮ್ಮನ್ನು ಮರೆತ ಅಂತ ಅಲ್ಲ. ಅದೇ ಟೀಮು, ಅದೇ ಪಿಜಿ, ಅದೇ ಸಿಲ್ಕ್ ಬೋರ್ಡ್ ಸಿಗ್ನಲ್. ಇವತ್ತಿನ ಮನ್ನ ಕೂಡಿಸಿಕೊಳ್ಳಿ, ಸಾಕು.

ಮುಂದಿನ ಅಧ್ಯಾಯದಲ್ಲಿ, 10:33ರಲ್ಲಿ, ನನಗೆ ಬಹಳ ಇಷ್ಟವಾದ ಒಂದು ವಿಷಯ ಇದೆ. ಅವರು ಸೀನಾಯಿಯಿಂದ ಹೊರಟಾಗ ಒಡಂಬಡಿಕೆಯ ಮಂಜೂಷವು ಮೂರು ದಿನದ ಪ್ರಯಾಣದಲ್ಲಿ ಅವರ ಮುಂದೆ ಹೋಯಿತು. ಯಾಕೆ? ಶತ್ರುಗಳನ್ನು ಹುಡುಕೋಕಾ? ಅಲ್ಲ, ಅವರು ಇಳಿದುಕೊಂಡು ವಿಶ್ರಮಿಸೋಕೆ ಜಾಗ ಹುಡುಕೋಕೆ. ದೇವರು ಮುಂದೆ ಹೋಗೋದು ನಮಗೆ ಮಲಗೋಕೆ ಜಾಗ ನೋಡೋಕೆ! ಸ್ತೋತ್ರ ಕರ್ತನೇ. ನಾವು ದಾರಿಯನ್ನು ಕೇಳ್ತೀವಿ, ಆತನು ದಾರಿಯ ಕೊನೆಯಲ್ಲಿ ಹಾಸಿಗೆ ಹಾಸ್ತಾ ಇರ್ತಾನೆ.

ನಾವು ಬಿಡಬೇಕಾದದ್ದು ಇದೇ. ಪೂರ್ತಿ ಮ್ಯಾಪ್ ನನ್ನ ಕೈಯಲ್ಲಿ ಇರಬೇಕು ಅನ್ನೋ ಹಟ.

ಹಾಗಂತ ವಿಶ್ರಾಂತಿ ಅಂದರೆ ಕೈ ಕಟ್ಟಿ ಕೂರೋದಲ್ಲ. ಅಪೊಸ್ತಲರ ಕೃತ್ಯಗಳು 16ರಲ್ಲಿ ಪೌಲನೂ ಸಂಗಡಿಗರೂ ನಡೆದು ಹೋಗ್ತಾ ಇದ್ದಾರೆ. ಆಸ್ಯ ಸೀಮೆಯಲ್ಲಿ ವಾಕ್ಯ ಹೇಳೋಕೆ ಪವಿತ್ರಾತ್ಮನು ಬಿಡಲಿಲ್ಲ. ಬಿಥೂನ್ಯಕ್ಕೆ ಹೋಗೋಣ ಅಂದರೆ ಅಲ್ಲೂ ಬಿಡಲಿಲ್ಲ. ಎರಡು ಬಾಗಿಲು ಮುಚ್ಚಿದವು, ಯಾಕೆ ಅಂತ ವಿವರಣೆಯೂ ಇಲ್ಲ. ತ್ರೋವಕ್ಕೆ ಬಂದರು. ರಾತ್ರಿ ಆಯಿತು. ಆ ರಾತ್ರಿ ಮಕೆದೋನ್ಯದ ಮನುಷ್ಯನ ದರ್ಶನ. ಬೆಳಿಗ್ಗೆ ಎದ್ದು ಪೌಲನು ಟಿಕೆಟ್ ಬುಕ್ ಮಾಡಿದನಾ? ಅಲ್ಲಿ ಲೂಕನು ನಾವು ಅಂತ ಬರೀತಾನೆ. ದೇವರು ನಮ್ಮನ್ನು ಕರೆದಿದ್ದಾನೆ ಅಂತ ನಾವು ನಿಶ್ಚಯಿಸಿಕೊಂಡೆವು ಅನ್ನೋ ಅರ್ಥದಲ್ಲಿ. ದರ್ಶನ ಕಂಡದ್ದು ಒಬ್ಬನಿಗೆ, ನಿಶ್ಚಯ ಮಾಡಿದ್ದು ಎಲ್ಲರೂ ಸೇರಿ. ಅಪೊಸ್ತಲನೇ ಹೀಗೆ ಮಾಡಿದ್ದರೆ, ಆರಾಧನೆ ಮುಗಿದ ಮೇಲೆ ಒಂದು ನಿಮಿಷ ಕಣ್ಣು ಮುಚ್ಚಿದ ನಾನೆಷ್ಟರವನು?

ಇನ್ನು ಸ್ವಲ್ಪ ಕಷ್ಟದ ಮಾತು. ಬ್ರದರ್, ವಿಶ್ರಾಂತಿ ಎಲ್ಲಾ ಸಂಬಳ ಇರೋರಿಗೆ ಅಂತ ಕೆಲವರು ಹೇಳಬಹುದು. ನಮ್ಮ ಸಭೆಯಲ್ಲಿ ರಾತ್ರಿ ಡ್ಯೂಟಿ ಮಾಡೋ ನರ್ಸ್ ತಂಗಿಯರಿದ್ದಾರೆ. ಭಾನುವಾರ ಆರಾಧನೆಗೆ ಬಂದರೆ ಆ ದಿನದ ದುಡಿಮೆ ಕಳಕೊಳ್ಳೋ ಡೆಲಿವರಿ ತಮ್ಮಂದಿರಿದ್ದಾರೆ. ಎಂಟು ತಿಂಗಳ ಮಗು ಇರೋ ತಾಯಂದಿರಿದ್ದಾರೆ. ಅವರಿಗೆ ಹೋಗಿ ಮಲಗು ಅಂದರೆ ಅದು ಗಾಯದ ಮೇಲೆ ಉಪ್ಪು.

ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ತಿನ ಆಜ್ಞೆ ಓದಿ. ನೀನು ಮಾತ್ರ ವಿಶ್ರಮಿಸು ಅಂತ ಅಲ್ಲಿಲ್ಲ. ನಿನ್ನ ದಾಸ, ದಾಸಿ, ಎತ್ತು, ಕತ್ತೆ, ನಿನ್ನ ಊರಲ್ಲಿರೋ ಪರದೇಶಿ, ಎಲ್ಲರಿಗೂ ಬಿಡುವು ಸಿಗಬೇಕು. ಯಾಕಂದರೆ ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ಅದನ್ನು ಮರೀಬೇಡ. ನಾವು ಕೃಪೆಯ ಕೆಳಗಿದ್ದೀವಿ, ದಿನ ಎಣಿಸಿ ರಕ್ಷಣೆ ಸಂಪಾದಿಸೋದಿಲ್ಲ. ಆದರೆ ಆ ಆಜ್ಞೆಯಲ್ಲಿರೋ ದೇವರ ಹೃದಯ ಬದಲಾಗಿಲ್ಲ. ನನ್ನ ವಿಶ್ರಾಂತಿ ಇನ್ನೊಬ್ಬರ ಬೆನ್ನಿನ ಮೇಲೆ ಹಾಸಿದ ಹಾಸಿಗೆ ಆಗಬಾರದು. ನಾನು ಭಾನುವಾರ ಆರಾಮಾಗಿರೋಕೆ ಮನೆಗೆಲಸದ ಅಕ್ಕ ವಾರಕ್ಕೆ ಏಳು ದಿನ ಬರಬೇಕಾ? ನಮ್ಮ ಸಭೆ ಚೆನ್ನಾಗಿ ನಡೆಯೋಕೆ ಅದೇ ಆರು ಜನ ಪ್ರತಿ ವಾರ ಬೆವರು ಸುರಿಸಬೇಕಾ?

ಮತ್ತೆ ಎಲೀಯನ ಹತ್ತಿರ ಹೋಗೋಣ. ಅವನಿಗೆ ಸಿಕ್ಕಿದ್ದು ತಿಂಗಳ ರಜೆ ಅಲ್ಲ. ಎರಡು ನಿದ್ದೆ, ಎರಡು ಊಟ. ಆ ಬಲದಿಂದ 40 ದಿನ ನಡೆದ. ವಿಶ್ರಾಂತಿ ಎಷ್ಟು ಉದ್ದ ಅನ್ನೋದು ಮುಖ್ಯ ಅಲ್ಲ, ಅದು ಯಾರ ಕೈಯಿಂದ ಬಂತು ಅನ್ನೋದು ಮುಖ್ಯ. ಆ ರೊಟ್ಟಿ ತಾನಾಗಿ ಸುಡಲಿಲ್ಲ, ಯಾರೋ ತಂದು ಇಟ್ಟರು. ನಿಮ್ಮ ಪಕ್ಕದಲ್ಲಿ ಗಿಡದ ಕೆಳಗೆ ಕೂತಿರೋರಿಗೆ ರೊಟ್ಟಿ ತಂದಿಡೋ ಕೆಲಸ ಈ ವಾರ ನಿಮ್ಮದಾಗಬಹುದು. ಆ ತಾಯಿಯ ಮಗುವನ್ನು ಎರಡು ಗಂಟೆ ನೋಡಿಕೊಳ್ಳಿ. ರಾತ್ರಿ ಡ್ಯೂಟಿ ಮುಗಿಸಿ ಬಂದ ತಂಗಿಗೆ, "ಇವತ್ತು ಕ್ವಾಯರ್ ನಾನು ನೋಡ್ಕೋತೀನಿ, ನೀನು ಹೋಗಿ ಮಲಗು" ಅನ್ನಿ. ಅದು ಸೇವೆಯೇ. ಭಾಷೆಗಳಲ್ಲಿ ಮಾತಾಡೋದರಷ್ಟೇ ಆತ್ಮಿಕವಾದದ್ದು.

ನಮ್ಮ ಸಭೆಯಲ್ಲೂ ಕೆಲವು ವಿಷಯ ಬದಲಾಗಿವೆ. ಸಂಡೇ ಸ್ಕೂಲಿನ ಪ್ರತಿಯೊಬ್ಬ ಟೀಚರಿಗೂ ತಿಂಗಳಿಗೆ ಒಂದು ಭಾನುವಾರ ಬಿಡುವು. ರಾತ್ರಿ ಪ್ರಾರ್ಥನೆಗೆ ಬಂದು ಬೆಳಿಗ್ಗೆ ಶಿಫ್ಟ್ ಇರೋರು 11 ಗಂಟೆಗೆ ಎದ್ದು ಹೋದರೆ ಯಾರೂ ತಿರುಗಿ ನೋಡಬಾರದು. ಭಾನುವಾರ ಮಧ್ಯಾಹ್ನ ನಿಮ್ಮ ಜೀವನದ ದೊಡ್ಡ ತೀರ್ಮಾನದ ಬಗ್ಗೆ ನಾನು ಯಾರಿಗೂ ಉತ್ತರ ಕೊಡಲ್ಲ. ನೀವು ಕೇಳಿದರೆ, "ನನಗೆ ಗೊತ್ತಿಲ್ಲ, ಒಟ್ಟಿಗೆ ಕಾಯೋಣ" ಅಂತೀನಿ. ಆ ಸಹೋದರಿ ನನಗೆ ಕಲಿಸಿದ ಮಾತು ಅದು.

ನಿಮ್ಮಲ್ಲಿ ಯಾರಿಗಾದರೂ ಈ ವಾರ ಒಂದು ತೀರ್ಮಾನ ಮಾಡೋದಿದ್ದರೆ ನನ್ನ ವಿನಂತಿ ಇಷ್ಟೇ. ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದು ತೀರ್ಮಾನ ಮಾಡಬೇಡಿ. ಊಟ ಮಾಡಿ, ಮಲಗಿ. ಬೆಳಿಗ್ಗೆ ಎದ್ದು ಹತ್ತು ನಿಮಿಷ ಏನನ್ನೂ ಕೇಳದೆ ಕರ್ತನ ಮುಂದೆ ಕೂತುಕೊಳ್ಳಿ. ಒಂದೇ ಒಂದು ವಾಕ್ಯಭಾಗ ತೆಗೆದುಕೊಂಡು ವಾರ ಪೂರ್ತಿ ಅದನ್ನೇ ಮೆಲುಕು ಹಾಕಿ. ನಿಮಗೆ ಏನು ಅನಿಸಿತೋ ಅದನ್ನು ನಿಮ್ಮನ್ನು ಪ್ರೀತಿಸೋ, ನಿಮಗೆ ಇಲ್ಲ ಅಂತ ಹೇಳೋ ಧೈರ್ಯ ಇರೋ ಇಬ್ಬರ ಮುಂದೆ ಇಡಿ. ಮೇಘ ಎದ್ದಿದ್ದರೆ ಹೊರಡಿ. ಎದ್ದಿಲ್ಲವಾದರೆ ಡೇರೆ ಕೀಳಬೇಡಿ. ಇಷ್ಟೆಲ್ಲಾ ಮಾಡಿಯೂ ತಪ್ಪು ಹೆಜ್ಜೆ ಇಟ್ಟುಬಿಟ್ಟರೆ? ಬೇರ್ಷೆಬದ ಆಚೆ ಓಡಿಹೋದ ಎಲೀಯನ ಹಿಂದೆ ರೊಟ್ಟಿ ಕಳಿಸಿದ ದೇವರು ನಿಮ್ಮ ಹಿಂದೆಯೂ ಬರ್ತಾನೆ.

ಪ್ರಾರ್ಥನೆ ಮಾಡೋಣ. ಕಣ್ಣು ಮುಚ್ಚಿ, ಕೈಗಳನ್ನು ತೆರೆದು ಮಡಿಲಲ್ಲಿ ಇಟ್ಟುಕೊಳ್ಳಿ.

ಕರ್ತನೇ, ನಾವು ದಣಿದಿದ್ದೀವಿ. ಕೆಲವರು ಕೆಲಸದಿಂದ, ಕೆಲವರು ಸೇವೆಯಿಂದ, ಕೆಲವರು ಒಂದು ಉತ್ತರಕ್ಕಾಗಿ ಕಾದು ಕಾದು. ನಮ್ಮ ಭಯಕ್ಕೆ ನಿನ್ನ ಹೆಸರು ಹಚ್ಚಿದ ಪ್ರತಿ ಸಲಕ್ಕೂ ನಮ್ಮನ್ನು ಕ್ಷಮಿಸು. ನಮ್ಮ ಮಾತಿನಿಂದ ನಷ್ಟ ಅನುಭವಿಸಿದವರಿಗೆ ನೀನೇ ತುಂಬಿಕೊಡು, ಅದನ್ನು ಸರಿಪಡಿಸೋ ಧೈರ್ಯ ನಮಗೆ ಕೊಡು. ಇವತ್ತು ರಾತ್ರಿ ನಿನ್ನ ಕೈಯಲ್ಲಿ ಮಲಗೋದನ್ನು ಕಲಿಸು. ನಾಳೆಯ ದಾರಿ ನಮಗೆ ಗೊತ್ತಿಲ್ಲ. ನೀನು ಮುಂದೆ ಹೋಗಿದ್ದೀ, ಅದು ಗೊತ್ತು, ಅದು ಸಾಕು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.

ಮನೆಗೆ ಹೋಗಿ ಊಟ ಮಾಡಿ. ಮುಂದಿನ ಭಾನುವಾರ ಸಿಗೋಣ.